ಅಪ್ಪನ ಗಂಟಲು

ಮೂಕಂಡಪಲ್ಲಿ
18 ಆಗಸ್ಟ್ 2024

ಅಕ್ಕಾ,

ಕಾಗದ ನೋಡಿದ ಕೂಡಲೇ ಭಾವ, "ಇವನಿಗೆ ಫೋನ್ ಮಾಡೋಕೆ ಏನಾಗಿದೆ" ಅಂತ ಕೇಳಿರುತ್ತಾರೆ. ಅವರಿಗೆ ನೀನೇ ಹೇಳು. ನಾನು ಫೋನ್ ಎತ್ತಿ ಹಲೋ ಅಂದರೆ ಸಾಕು, ಆ ಕಡೆಯಿಂದ ತಮಿಳಿನಲ್ಲಿ "ಸೊಲ್ಲುಂಗ ಮೇಡಂ" ಅನ್ನುತ್ತಾರೆ. ಮೊನ್ನೆ ಗ್ಯಾಸ್ ತರುವವನು, ಮನೆಯಲ್ಲಿ ಗಂಡಸರಿದ್ದರೆ ಫೋನ್ ಕೊಡಿ ಅಂದ. ಇಪ್ಪತ್ತಾರು ವರ್ಷದ ಮೀಸೆ ಹೊತ್ತ ಗಂಡಸು ನಾನು, "ಅವರು ಹೊರಗೆ ಹೋಗಿದ್ದಾರೆ" ಅಂತ ಹೇಳಿ ಇಟ್ಟುಬಿಟ್ಟೆ.

ವಿಷಯಕ್ಕೆ ಬರುತ್ತೇನೆ. ಕಂಪನಿಯಲ್ಲಿ ಹೊಸ ಹುಡುಗರಿಗೆ ಕೆಲಸ ಕಲಿಸಲು ನನ್ನನ್ನು ಹಾಕಿದ್ದಾರೆ. ಮಿಷನ್ನುಗಳ ಗದ್ದಲದಲ್ಲಿ ದಿನವಿಡೀ ಕಿರುಚಬೇಕು. ಸಾಯಂಕಾಲದ ಹೊತ್ತಿಗೆ ಗಂಟಲಲ್ಲಿ ಮೆಣಸಿನಪುಡಿ ಸುರಿದ ಹಾಗಾಗುತ್ತದೆ. ಸೂಪರ್‌ವೈಸರ್ ಶ್ರೀನಿವಾಸ್ ಒಳ್ಳೆಯವರು, ಗಂಟಲು ಸರಿಮಾಡಿಕೊಂಡು ಬಾ, ಇಲ್ಲದಿದ್ದರೆ ಈ ಕೆಲಸ ಬೇರೆಯವರಿಗೆ ಹೋಗುತ್ತದೆ ಅಂತ ನೇರವಾಗಿಯೇ ಹೇಳಿದರು. ಹೊಸೂರಿನ ಆಸ್ಪತ್ರೆಗೆ ಹೋದೆ. ಮೂಗಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಗಂಟಲಿಗೆ ಏನೂ ಆಗಿಲ್ಲವಂತೆ. ಎಲ್ಲ ಗಂಡಸರಿಗೆ ಇರುವಂಥದೇ ಗಂಟಲಂತೆ. ದನಿ ಮಾತ್ರ ಹುಡುಗನದೇ ಉಳಿದುಬಿಟ್ಟಿದೆಯಂತೆ. ಇದಕ್ಕೆ ಅಂತಲೇ ನಂದಿತಾ ಮೇಡಂ ಅಂತ ಒಬ್ಬರಿದ್ದಾರೆ. ಹಾಡುವವರು, ಮೇಷ್ಟರುಗಳು, ಬಸ್ ಕಂಡಕ್ಟರುಗಳೆಲ್ಲ ಅವರ ಬಾಗಿಲಲ್ಲಿ ಕೂತಿರುತ್ತಾರೆ. ಮಾತ್ರೆ ಇಲ್ಲ, ಚುಚ್ಚುಮದ್ದಿಲ್ಲ, ಬರೀ ದನಿಯ ಅಭ್ಯಾಸ. ಮುಂದಿನ ವಾರದಿಂದ ಶುರು.

ಅಮ್ಮನಿಗೆ ಈಗಲೇ ಹೇಳಬೇಡ. ಆಸ್ಪತ್ರೆ ಅಂದರೆ ಗಾಬರಿಯಾಗುತ್ತಾಳೆ.

ನಿನ್ನ ಮುನೀಶ್


ಕಾವೇರಿಪಟ್ಟಣ
27 ಆಗಸ್ಟ್ 2024

ಮುನೀಶಾ,

ಗಂಟಲಿಗೂ ಟ್ಯೂಷನ್ನಾ ಅಂತ ನಿನ್ನ ಭಾವ ನಕ್ಕಿದ್ದೇ ನಕ್ಕಿದ್ದು. ಸಹನಾ ಮಾತ್ರ ಅತ್ತಳು. ಮಾವನ ದನಿ ಹೋಗಿಬಿಟ್ಟರೆ ನನಗೆ ಯಾರು ಹಾಡುತ್ತಾರೆ ಅಂತ ಅವಳ ಚಿಂತೆ. ಅವಳ ತಮ್ಮ ನರೇಶನಿಗೆ ಚಿಂತೆ ಏನೂ ಇಲ್ಲ, ಹೊಸ ದನಿ ಬಂದರೆ ಹಳೆಯದನ್ನು ತನಗೆ ಕೊಡಬೇಕಂತೆ.

ಊರಿನವರಿಗೂ ಹೇಳಿದ್ದೀಯಾ? ಮುಂದಿನ ಸಲ ನಾಟಕದಲ್ಲಿ ಸ್ತ್ರೀಪಾತ್ರಕ್ಕೆ ಯಾರು ಬರುತ್ತಾರೋ ನೋಡುತ್ತೇನೆ. ಸೀರೆ ಉಟ್ಟು ನೀನು ಪದ ಎತ್ತಿದರೆ ಉದ್ದನಪಲ್ಲಿಯ ಹೆಂಗಸರೇ ನಾಚಿಕೊಳ್ಳುತ್ತಿದ್ದರು.

ತಮಾಷೆ ಬಿಡು. ನೋವಿದ್ದರೆ ನೋಡಿಸಿಕೋ. ಆದರೆ ಆ ಮೇಡಂ ಕೇಳಿದರೆ ಹೇಳು, ಗಂಟಲು ಉರಿಯದ ಹಾಗೆ ಮಾಡಿದರೆ ಸಾಕು, ದನಿ ಇದ್ದ ಹಾಗೇ ಇರಲಿ ಅಂತ. ನನಗಂತೂ ನಿನ್ನ ದನಿಯಿಂದ ಯಾವತ್ತೂ ತೊಂದರೆ ಆಗಿಲ್ಲ.

ಶರ್ಮಿಳಾ


ಮೂಕಂಡಪಲ್ಲಿ
8 ಸೆಪ್ಟೆಂಬರ್ 2024

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಬುಧವಾರ ಮೂರನೆಯ ಸಲ ಹೋಗಿದ್ದೆ. ಮೇಡಂ ನನ್ನ ಗಂಟಲಮಣಿಯ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದರು. ಕೆಮ್ಮು ಅಂದರು. ಕೆಮ್ಮಿದೆ. ಕೆಮ್ಮಿನ ಬಾಲದಲ್ಲೇ "ಆ" ಅನ್ನು ಅಂದರು. ಅಂದೆ. ಕೋಣೆಯಲ್ಲಿ ಬೇರೆ ಯಾರೋ ಬಂದು ನಿಂತಂತಾಯಿತು. ನಿಜವಾಗಿ ಹಿಂದಕ್ಕೆ ತಿರುಗಿ ನೋಡಿದೆ, ಅಕ್ಕಾ. ಯಾರೂ ಇಲ್ಲ. ಮೇಡಂ ನಗುತ್ತಾ, "ತಂಬಿ, ಅದು ನೀನೇ. ನಿಲ್ಲಿಸಬೇಡ" ಅಂದರು. ಒಂದು, ಎರಡು ಎಣಿಸಿದೆ. ನನ್ನ ಹೆಸರು ಹೇಳಿದೆ. ಊರಿನ ಹೆಸರು ಹೇಳಿದೆ. ಉದ್ದನಪಲ್ಲಿ ಅನ್ನುವಾಗ ಗೊತ್ತಾಯಿತು ಅದು ಯಾರ ದನಿ ಅಂತ.

ಅಪ್ಪನದು. ಹಾಗೇ ಇದೆ. ನಾಟಕದಲ್ಲಿ ರಾಜನ ಪಾತ್ರ ಮಾಡಿ ಮೈಕ್ ಇಲ್ಲದೆ ಮೂರು ಊರಿಗೆ ಕೇಳಿಸುತ್ತಿದ್ದ ಆ ಗಂಟಲು. ಅಪ್ಪ ಸತ್ತಾಗ ನನಗೆ ಒಂಬತ್ತು. ಮುಖ ನೆನಪಿಸಿಕೊಳ್ಳಲು ನನಗೆ ಫೋಟೊ ಬೇಕು, ದನಿಗೆ ಏನೂ ಬೇಡ. ಅದು ಇಷ್ಟು ವರ್ಷ ನನ್ನೊಳಗೇ ಕೂತಿತ್ತು ಅಂದರೆ ಏನು ಹೇಳಲಿ? ಅಲ್ಲೇ ಕೂತು ಅತ್ತೆ. ಅಳುವುದೂ ಅಪ್ಪನ ದನಿಯಲ್ಲೇ ಬಂತು. ಅಪ್ಪ ಅತ್ತದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಮೊದಲು ನಿನಗೇ ಕೇಳಿಸಬೇಕು ಅಂತ ಆಸ್ಪತ್ರೆಯ ಗೇಟಿನಿಂದಲೇ ಫೋನ್ ಮಾಡಿದೆ. ನೀನು ಎತ್ತಿದೆ. "ಶರ್ಮಿಳಾ" ಅಂತ ಒಂದೇ ಸಲ ಅಂದೆ, ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಯಾರೋ ಪೋಲಿ ಅಂದುಕೊಂಡೆಯೇನೋ.

ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಇನ್ನು ಮೇಲೆ ಇದೇ ದನಿಯಲ್ಲಿ ಮಾತಾಡಬೇಕು, ತಮಾಷೆಗೂ ಹಳೆಯದಕ್ಕೆ ಹೋಗಬಾರದು, ಹೋದರೆ ಇದು ನಿಲ್ಲುವುದಿಲ್ಲ. ಶ್ರೀನಿವಾಸ್ ಸಾರ್ ನನ್ನ ಮಾತು ಕೇಳಿ ಕುರ್ಚಿಯಿಂದ ಎದ್ದುಬಿಟ್ಟರು. ಹುಡುಗರು ನಾನು ಹೇಳಿದ್ದಕ್ಕೆ ಈಗ ನಗುವುದಿಲ್ಲ.

ಅಮ್ಮನಿಗೆ ಮಾತ್ರ ಫೋನ್ ಮಾಡುವುದಿಲ್ಲ. ಹಿರಿಯರ ಹಬ್ಬಕ್ಕೆ ಊರಿಗೆ ಹೋಗುತ್ತೇನಲ್ಲ, ಅವತ್ತೇ ಎದುರಿಗೆ ನಿಂತು ಮಾತಾಡುತ್ತೇನೆ. ಹದಿನೇಳು ವರ್ಷ ಆದ ಮೇಲೆ ಆ ದನಿ ಕೇಳಿದರೆ ಅವಳ ಮುಖ ಹೇಗಾಗುತ್ತದೋ.

ಮುನೀಶ್


ಕಾವೇರಿಪಟ್ಟಣ
14 ಸೆಪ್ಟೆಂಬರ್ 2024

ಮುನೀಶಾ,

ಕಾಗದ ಬಂತು. ಅವತ್ತು ಸಿಗ್ನಲ್ ಇರಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಫೋನ್ ಮಾಡಬೇಡ. ಏನಿದ್ದರೂ ಬರಿ.

ಈ ಸಲ ಹಬ್ಬಕ್ಕೆ ಊರಿಗೆ ಹೋಗಬೇಡ. ಹೋಗಲೇಬೇಕು ಅಂದರೆ ಮೊದಲು ದೊಡ್ಡಪ್ಪನ ಹತ್ತಿರ ಅಮ್ಮನಿಗೆ ವಿಷಯ ಹೇಳಿಸು. ಇದ್ದಕ್ಕಿದ್ದ ಹಾಗೆ ಹೋಗಿ ನಿಲ್ಲಬೇಡ. ಅವಳಿಗೆ ವಯಸ್ಸಾಗಿದೆ.

ಆ ಮೇಡಂನ ಕೇಳು, ಸ್ವಲ್ಪ ಬೇರೆ ಥರ ಮಾಡಲು ಬರುತ್ತದಾ ಅಂತ. ಅಷ್ಟು ದಪ್ಪ ಬೇಡ ಅಂತ ಹೇಳು.

ಶರ್ಮಿಳಾ


ಮೂಕಂಡಪಲ್ಲಿ
4 ಅಕ್ಟೋಬರ್ 2024

ಅಕ್ಕಾ,

ನಿನ್ನ ಮಾತು ಕೇಳಬೇಕಾಗಿತ್ತು. ಕೇಳಲಿಲ್ಲ. ಮದುವೆಯಾಗಿ ಹೋದ ಮಗಳು ಹಿರಿಯರ ಹಬ್ಬಕ್ಕೆ ತವರಿಗೆ ಬರುವ ಹಾಗಿಲ್ಲ, ಅಪ್ಪನ ದನಿ ತನಗಿಂತ ಮೊದಲು ಅಮ್ಮನಿಗೆ ಕೇಳಿಸುತ್ತದಲ್ಲ ಅಂತ ನಿನಗೆ ಹೊಟ್ಟೆಕಿಚ್ಚು ಅಂದುಕೊಂಡೆ. ಈಗ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನನಗೆ ಅರ್ಥವಾಗದ್ದು ನಿನಗೆ ಅರ್ಥವಾಗುತ್ತದೆ ಅನ್ನಿಸುತ್ತಿದೆ.

ಅಮಾವಾಸ್ಯೆಯ ದಿನ ಕಂಪನಿಗೂ ರಜ. ಬಸ್ಸಿಳಿದು ತೋಟದ ದಾರಿ ಹಿಡಿದೆ, ಹಿತ್ತಲ ಬಾಗಿಲಿಗೆ ಹತ್ತಿರ. ಹೊತ್ತು ಇಳಿದಿತ್ತು. ಎಡೆ ಇಟ್ಟು ಮುಗಿದಿರುತ್ತದೆ, ಎಲ್ಲರೂ ಉಂಡು ಜಗಲಿಯ ಮೇಲೆ ಕೂತಿದ್ದಾರೆ ಅಂದುಕೊಂಡೆ. ದೊಡ್ಡಪ್ಪ ರಾಯಕೋಟೆಯಿಂದ ಬರುವುದು ತಡವಾಗಿ, ಎಡೆ ಆಗಷ್ಟೇ ಇಟ್ಟಿದ್ದರು ಅಂತ ನನಗೇನು ಗೊತ್ತು? ನಡುಮನೆಯಲ್ಲಿ ಅಪ್ಪನ ಹೆಸರಿಗೆ ಎಲೆ ಹಾಕಿ, ಹೊಸ ಪಂಚೆ ಇಟ್ಟು, ಹಿರಿಯರು ಬಂದು ಉಂಡು ಹೋಗಲಿ ಅಂತ ಮುಂಬಾಗಿಲು ಮುಚ್ಚಿಕೊಂಡು ಎಲ್ಲರೂ ಬೀದಿಯಲ್ಲಿ ಕೈ ಮುಗಿದು ನಿಂತಿದ್ದರು. ನಾನು ಹಿಂದಿನಿಂದ ಬಂದು ಅಡಿಗೆಮನೆಯ ಕತ್ತಲಲ್ಲಿ ನಿಂತಿದ್ದೆ. ಮುಂಬಾಗಿಲ ಕಡೆಯಿಂದ ಅಮ್ಮನ ಕೆಮ್ಮು ಕೇಳಿಸಿತು.

ನಾಟಕದವನ ಬುದ್ಧಿ ನನ್ನದು. ಪ್ರವೇಶ ಚೆನ್ನಾಗಿರಬೇಕು ಅನ್ನಿಸಿತು. ಅಪ್ಪ ಮನೆಗೆ ಬಂದಾಗ ಅಮ್ಮನ ಹೆಸರು ಹಿಡಿದು ಕೂಗುತ್ತಿದ್ದದ್ದು ನೆನಪಿತ್ತು. ಅದನ್ನೇ ಕೂಗಿದೆ.

"ಅಕ್ಕಯ್ಯಾ, ಎಲ್ಲೋದ್ಯೇ? ಉಣ್ಣಕ್ಕಿಕ್ಕು ಬಾ."

ಬೀದಿಯಲ್ಲಿ ಯಾರೋ ದೊಪ್ಪನೆ ಬಿದ್ದ ಸದ್ದು. ಅದು ದೊಡ್ಡಮುನಿಯಮ್ಮ ದೊಡ್ಡಮ್ಮ ಸಾಷ್ಟಾಂಗ ಬಿದ್ದದ್ದಂತೆ. ನಾನು ನಗುತ್ತಾ ನಡುಮನೆಗೆ ಬಂದೆ, ಎಲೆ ಕಂಡೆ, ದೀಪ ಕಂಡೆ, ಎಂಥ ಕೆಲಸ ಮಾಡಿದೆ ಅಂತ ಆಗ ಗೊತ್ತಾಯಿತು. ಅಷ್ಟರಲ್ಲಿ ಮುಚ್ಚಿದ ಬಾಗಿಲಿನ ಆಚೆಯಿಂದ ಅಮ್ಮ ಮಾತಾಡಿದಳು.

"ಬಂದೆ, ಬಂದೆ. ಉಪ್ಪು ನೋಡಿವ್ನಿ. ಎಲ್ಲಾದ್ರಾಗೂ ಬಾಯಿಗಾಕ್ಕಂಡು ನೋಡಿವ್ನಿ. ತಟ್ಟೆ ಎಸೀಬ್ಯಾಡಿ, ಮಕ್ಳಿನ್ನೂ ಉಂಡಿಲ್ಲ."

ಅದು ಅಮ್ಮನ ದನಿಯೇ ಅಲ್ಲ, ಅಕ್ಕಾ. ಮೇಷ್ಟರ ಮುಂದೆ ಕೈ ಚಾಚಿ ನಿಂತ ಸಣ್ಣ ಹುಡುಗಿಯ ದನಿ ಅದು.

ಬಾಗಿಲು ತೆಗೆದೆ. "ಅಮ್ಮಾ, ನಾನು" ಅಂದೆ, ಹೊಸ ದನಿಯಲ್ಲೇ. ಅವಳು ನನ್ನ ಮುಖ ನೋಡಿಯೂ ಹಿಂದೆ ಹಿಂದೆ ಹೋಗಿ ಎದುರು ಮನೆಯ ಗೋಡೆಗೆ ಒರಗಿ, ಎರಡೂ ಕೈ ಹಣೆಯ ಮುಂದೆ ಹಿಡಿದುಕೊಂಡಳು. ನನ್ನ ಹಳೆಯ ದನಿ ತಾನಾಗಿ ಬಂತು. "ಅಮ್ಮಾ, ನಾನಮ್ಮಾ, ಮುನೀಶ." ಆಗ ಕೈ ಇಳಿಸಿದಳು. ಹತ್ತಿರ ಬಂದು ನನ್ನ ಗಂಟಲು ಮುಟ್ಟಿ ಮುಟ್ಟಿ ನೋಡಿದಳು.

ಎಡೆಯ ಅಡಿಗೆಯನ್ನು ಹಿರಿಯರಿಗಿಂತ ಮೊದಲು ಬಾಯಿಗೆ ಹಾಕಿಕೊಂಡಿದ್ದಾಳೆ ಅಂತ ದೊಡ್ಡಮ್ಮ ಬಾಯಿ ಬಡಿದುಕೊಂಡಳು. ಪ್ರತಿ ವರ್ಷವೂ ಹೀಗೇ ಮಾಡಿದ್ದೀಯಾ ಅಂತ ಕೇಳಿದರು. ಅಮ್ಮ ಹೂಂ ಅಂದಳು. ಪಕ್ಕದ ಮನೆಯ ಕೊಂಡಮ್ಮ ಮಾತ್ರ ಅಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಅಕ್ಕಾ, ಯಾವ ತಟ್ಟೆ? ಯಾರು ಎಸೆಯುತ್ತಿದ್ದರು?

ಮುನೀಶ್


ಕಾವೇರಿಪಟ್ಟಣ
9 ಅಕ್ಟೋಬರ್ 2024

ಮುನೀಶಾ,

ನಿನ್ನ ಕಾಗದವನ್ನು ಬಚ್ಚಲುಮನೆಯಲ್ಲಿ ಕೂತು ಓದಿದೆ, ಮಕ್ಕಳ ಕಣ್ಣಿಗೆ ಬೀಳದೆ.

ಅಪ್ಪ ಎಸೆಯುತ್ತಿದ್ದ. ಉಪ್ಪು ಹೆಚ್ಚಾದರೆ ಎಸೆಯುತ್ತಿದ್ದ, ಕಡಿಮೆಯಾದರೂ ಎಸೆಯುತ್ತಿದ್ದ, ಸರಿಯಾಗಿದ್ದರೆ ಬೇರೆ ಕಾರಣ ಹುಡುಕುತ್ತಿದ್ದ. ಅಮ್ಮನ ಹುಬ್ಬಿನ ಮೇಲಿನ ಗಾಯ ಬಾವಿಯ ರಾಟೆ ತಗುಲಿ ಆದದ್ದಲ್ಲ. ಅದು ಕಂಚಿನ ತಟ್ಟೆಯ ಅಂಚು. ಹೊಡೆಯುವುದಕ್ಕಿಂತ ಮೊದಲು ಅವನು ಕೂಗುತ್ತಿದ್ದ. ನೀನು ಕೂಗಿದೆಯಲ್ಲ, ಅದೇ ಮಾತು. ಊರಿನವರೆಲ್ಲ ಅವನ ಗಂಟಲನ್ನು ಹೊಗಳಿದ್ದೇ ಹೊಗಳಿದ್ದು. ನಾಟಕ ಮುಗಿದ ಮೇಲೆ ಶಾಲು ಹೊದೆಸಿ ಕಳಿಸುತ್ತಿದ್ದರು. ಆ ಶಾಲು ಹೊದ್ದುಕೊಂಡೇ ಮನೆಗೆ ಬಂದು ಕೂಗುತ್ತಿದ್ದ.

ನಿನಗೆ ಏನೂ ನೆನಪಿಲ್ಲ, ಯಾಕೆಂದರೆ ನಾನು ನೆನಪಾಗಲು ಬಿಡಲಿಲ್ಲ. ಅವನು ತೋಟದ ತಿರುವಿನಲ್ಲಿ ಕಂಡ ಕೂಡಲೇ ನಿನ್ನನ್ನು ಎತ್ತಿಕೊಂಡು ಹುಣಸೆಮರದ ಹತ್ತಿರ ಓಡುತ್ತಿದ್ದೆ. ಹಾಡು, ಇನ್ನೂ ಗಟ್ಟಿಯಾಗಿ ಹಾಡು, ಇನ್ನೂ ಮೇಲೆ ಎತ್ತು ಅನ್ನುತ್ತಿದ್ದೆ. ನಮ್ಮಕ್ಕನಿಗೆ ಹಾಡು ಅಂದರೆ ಪ್ರಾಣ, ಅವಳೇ ನನಗೆ ಕಲಿಸಿದ್ದು ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತೀಯಲ್ಲ. ನನಗೆ ಹಾಡಿನ ಗಂಧವೂ ಇಲ್ಲ. ನೀನು ಗಟ್ಟಿಯಾಗಿ ಹಾಡುತ್ತಿದ್ದರೆ ನಿನಗೆ ಮನೆಯೊಳಗಿನದು ಕೇಳಿಸುತ್ತಿರಲಿಲ್ಲ, ಅಷ್ಟೇ.

ಅವನು ಕಾಮಾಲೆಯಾಗಿ ಸತ್ತ ಮೇಲೆ ನಿನಗೆ ಹೇಳಿಬಿಡೋಣ ಅಂತ ಅಮ್ಮನ ಹತ್ತಿರ ಅಂದೆ. "ಬ್ಯಾಡ ಕಣೇ, ಅವನಿಗಾದ್ರೂ ಒಬ್ಬ ಅಪ್ಪ ಇರ್ಲಿ" ಅಂದಳು. ನಾನು ಸುಮ್ಮನಾದೆ. ಸತ್ತವನ ಎಡೆಗೂ ಅವಳು ಉಪ್ಪು ನೋಡುತ್ತಿದ್ದಳು ಅನ್ನುವುದು ನನಗೂ ಗೊತ್ತಿರಲಿಲ್ಲ.

ಅವತ್ತು ಸಿಗ್ನಲ್ ಚೆನ್ನಾಗಿಯೇ ಇತ್ತು. ಅತ್ತೆಯೂ ಹುಷಾರಾಗಿಯೇ ಇದ್ದಾರೆ. "ಶರ್ಮಿಳಾ" ಅಂತ ಕೇಳಿಸಿದ ತಕ್ಷಣ ನಾನು ಫೋನನ್ನು ನೀರಿನ ಬಕೆಟ್ಟಿಗೆ ಹಾಕಿದೆ. ಮೂವತ್ತಮೂರು ವರ್ಷದವಳು, ಎರಡು ಮಕ್ಕಳ ತಾಯಿ. ಹಾಕಿ, ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ. ನಿನ್ನ ಭಾವ ಬಂದು ಎಬ್ಬಿಸಿದರು.

ತಪ್ಪು ನಿನ್ನದಲ್ಲ. ಅದು ನನಗೆ ಗೊತ್ತು. ಗೊತ್ತಿದ್ದರೂ ಹೀಗಾಗುತ್ತದೆ.

ಶರ್ಮಿಳಾ


ಮೂಕಂಡಪಲ್ಲಿ
21 ಅಕ್ಟೋಬರ್ 2024

ಅಕ್ಕಾ,

ಅಪ್ಪನ ಫೋಟೊವನ್ನು ಗೋಡೆಯಿಂದ ತೆಗೆದು ಟ್ರಂಕಿನಲ್ಲಿಟ್ಟೆ. ಆಮೇಲೆ ಟ್ರಂಕಿನಿಂದಲೂ ತೆಗೆದೆ. ಎಲ್ಲಿಡಬೇಕೋ ಗೊತ್ತಾಗದೆ ಈಗ ಅಕ್ಕಿ ಡಬ್ಬದ ಹಿಂದೆ ಇದೆ.

ಅವನನ್ನು ಗೋಡೆಯಿಂದ ತೆಗೆಯಬಹುದು, ಗಂಟಲಿನಿಂದ ತೆಗೆಯುವುದು ಹೇಗೆ? ಬೆಳಿಗ್ಗೆ ಎದ್ದು ಕೆಮ್ಮಿದರೆ ಅವನು. ನಿದ್ದೆಗಣ್ಣಲ್ಲಿ ಯಾರಿಗಾದರೂ ಹಾಂ ಅಂದರೆ ಅವನು. ನನ್ನ ಬಾಯಿ ತೆರೆಯಲು ನನಗೇ ಹೆದರಿಕೆಯಾಗುತ್ತದೆ. ಮೊನ್ನೆ ಒಬ್ಬ ಹುಡುಗ ಬೆರಳನ್ನು ಮಿಷನ್ನಿಗೆ ಕೊಡುವುದರಲ್ಲಿದ್ದ. "ಏಯ್" ಅಂತ ಕೂಗಿದೆ. ಬೆರಳು ಉಳಿಯಿತು. ಆದರೆ ಅವನು ಹೆದರಿ ನಿಂತ ರೀತಿ ನೋಡಿ ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ.

ಹಳೆಯ ದನಿಗೇ ಹೋಗಿದ್ದೇನೆ. ಅದೂ ಈಗ ನೆಟ್ಟಗೆ ಬರುತ್ತಿಲ್ಲ. ಮಧ್ಯದಲ್ಲಿ ಒಡೆಯುತ್ತದೆ, ನಿಂತೇ ಹೋಗುತ್ತದೆ. ಮೇಡಂ ಹತ್ತಿರ ಹೋಗುವುದು ಬಿಟ್ಟಿದ್ದೆ, ಅವರೇ ಕರೆಸಿದರು. ಮನೆಯ ವಿಷಯ ಅವರಿಗೆ ಹೇಳಲಿಲ್ಲ. ಎರಡರ ನಡುವೆ ಎಳೆದಾಡಿದರೆ ಎರಡೂ ನಿಲ್ಲುವುದಿಲ್ಲ, ಯಾವುದಾದರೂ ಒಂದನ್ನು ಇಟ್ಟುಕೋ, ಬೇಗ ನಿರ್ಧಾರ ಮಾಡು ಅಂದರು. ಶ್ರೀನಿವಾಸ್ ಸಾರ್ ತಿಂಗಳ ಕೊನೆಯವರೆಗೆ ನೋಡುತ್ತಾರಂತೆ.

ನಾನು ಮಾತಾಡುವುದನ್ನೇ ಕಡಿಮೆ ಮಾಡಿದ್ದೇನೆ. ಅಂಗಡಿಯಲ್ಲಿ ಬೆರಳು ತೋರಿಸುತ್ತೇನೆ. ಮೂಗನ ಹಾಗೆ ಇದ್ದರೂ ಜೀವನ ನಡೆಯುತ್ತದೆ. ಆ ಗಂಟಲು ನನಗೆ ಬೇಡ ಅಕ್ಕಾ.

ಮುನೀಶ್


ಕಾವೇರಿಪಟ್ಟಣ
28 ಅಕ್ಟೋಬರ್ 2024

ಮುನೀಶಾ,

ಅಮ್ಮನಿಗೆ ಎಲ್ಲ ಹೇಳಿದೆ. ನೀನು ಮಾತು ಬಿಟ್ಟಿರುವುದು, ಯಾಕೆ ಬಿಟ್ಟೆ ಅನ್ನುವುದು, ಕೆಲಸದ ವಿಷಯ, ನಾನು ನಿನಗೆ ಬರೆದದ್ದು ಕೂಡ. ಬೈದುಕೋ ಬೇಕಾದರೆ.

ಅವಳು ಪೂರ್ತಿ ಕೇಳಿ ಫೋನ್ ಇಟ್ಟಳು.

ಶರ್ಮಿಳಾ


ಮೂಕಂಡಪಲ್ಲಿ
12 ನವೆಂಬರ್ 2024

ಅಕ್ಕಾ,

ಭಾನುವಾರ ಅಮ್ಮ ಬಂದಿದ್ದಳು. ಒಬ್ಬಳೇ, ಬಸ್ಸಿನಲ್ಲಿ. ಚೀಲದಲ್ಲಿ ಅವರೆಕಾಯಿ, ರಾಗಿಹಿಟ್ಟು. ಬಾಗಿಲು ತೆಗೆದ ನನಗೆ ಬಾ ಅನ್ನಲೂ ದನಿ ಬರಲಿಲ್ಲ. ಕೈಸನ್ನೆ ಮಾಡಿದೆ. ಅವಳು ಚೀಲ ಇಳಿಸಿ, ಕಾಲು ತೊಳೆದುಕೊಂಡು, ಬಾಗಿಲು ಹಾಕಿ, ಚಿಲಕವನ್ನೂ ಹಾಕಿ ನನ್ನ ಎದುರಿಗೆ ಚಾಪೆಯ ಮೇಲೆ ಕೂತಳು.

"ಆ ಗಂಟ್ಲಾಗೆ ಮಾತಾಡ್ಲಾ."

ಬೇಡ ಅಂತ ತಲೆಯಾಡಿಸಿದೆ. ಅವಳು ಬಿಡಲಿಲ್ಲ. ಏನು ಮಾತಾಡಲಿ ಅಂತ ಕೇಳಿದೆ, ಹೊಸ ದನಿಯಲ್ಲಿ. ಅವಳ ಭುಜ ಅದುರಿತು, ಕೈ ಮೇಲಕ್ಕೆ ಬಂತು, ಹುಬ್ಬಿನ ತನಕ ಬಂದ ಕೈಯನ್ನು ಅವಳೇ ಇನ್ನೊಂದು ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಳು. ಮತ್ತೆ ಮಾತಾಡು ಅಂದಳು. ಕಂಪನಿಯಲ್ಲಿ ಏನು ಮಾಡುತ್ತೇನೆ, ಎಷ್ಟು ಹುಡುಗರಿದ್ದಾರೆ, ಸಾರಿಗೆ ಏನು ಹಾಕುತ್ತೇನೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು.

ಆಮೇಲೆ ಅವಳು ಶುರುಮಾಡಿದಳು. ಅಕ್ಕಾ, ನಮ್ಮಮ್ಮನ ಬಾಯಲ್ಲಿ ಅಂಥ ಬೈಗುಳ ಇವೆ ಅಂತ ನಿನಗೆ ಗೊತ್ತಿತ್ತಾ? ಕಣ್ಣು ಮುಚ್ಚಿಕೊಂಡೇ ಬೈದಳು. ತಟ್ಟೆಗೆ ಬೈದಳು, ಶಾಲಿಗೆ ಬೈದಳು, ಹಸಿ ಬಾಣಂತಿಯಾಗಿದ್ದಾಗ ಬಾವಿಗೆ ಹಾರಲು ಹೋದವಳು, ಕೂಸು ನೀನು ಅತ್ತಿದ್ದು ಕೇಳಿ ವಾಪಸ್ಸು ಬಂದದ್ದನ್ನು ಹೇಳಿ ಬೈದಳು. ನಡುವೆ ನಿಲ್ಲಿಸಿ "ಹೂಂ ಅನ್ಲಾ" ಅನ್ನುವಳು. ನಾನು ಆ ದನಿಯಲ್ಲಿ ಹೂಂ ಅನ್ನುವೆ. ಮತ್ತೆ ಬೈಯುವಳು. ಪಕ್ಕದ ಮನೆಯ ಸೆಲ್ವಿ ಗಾಬರಿಯಾಗಿ ಬಾಗಿಲು ತಟ್ಟಿದಳು. ಅಮ್ಮ ಕೂತಲ್ಲಿಂದಲೇ ಏನೂ ಇಲ್ಲ ಹೋಗಮ್ಮ ಅಂದಳು, ತಮಿಳಿನಲ್ಲಿ, ಅಷ್ಟೇ ಮೆತ್ತಗೆ, ಮತ್ತೆ ಈ ಕಡೆ ತಿರುಗಿ ಕನ್ನಡದಲ್ಲಿ ಮುಂದುವರಿಸಿದಳು.

ಕೊನೆಗೆ ಅವಳ ದನಿ ಕಟ್ಟಿಹೋಯಿತು. ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವಳ ಪಾದ ಹಿಡಿದು "ತಪ್ಪಾಯ್ತು" ಅಂದೆ. ಅಪ್ಪನ ದನಿಯಲ್ಲಿ. ಬೇಕು ಅಂತಲೇ ಅಂದೆ, ಒಂದು ಸಲವಾದರೂ ಆ ದನಿಯಿಂದ ಅವಳು ಅದನ್ನು ಕೇಳಲಿ ಅಂತ.

ಅಮ್ಮ ಕಣ್ಣು ಬಿಟ್ಟಳು. ನನ್ನ ಕೈಯನ್ನು ಕಾಲಿನಿಂದ ಕಿತ್ತು ಹಾಕಿದಳು. ಹುಡುಗನಾಗಿದ್ದಾಗಲೂ ನನಗೆ ಅವಳು ಅಷ್ಟು ಕೋಪ ಮಾಡಿಕೊಂಡಿದ್ದಿಲ್ಲ.

"ನೀನ್ಯಾಕ್ಲಾ ಯೋಳ್ತೀಯಾ? ಅದು ಅವ್ನು ಯೋಳ್ಬೇಕಾಗಿದ್ದು. ಯೋಳ್ದೆ ಸತ್ತೋದ. ಅವ್ನ ತಪ್ಪು ಅವ್ನ ತಾವೇ ಇರ್ಲಿ, ನೀನು ಎತ್ಕಬ್ಯಾಡ."

ಇಷ್ಟೇ ಹೇಳಿದ್ದು. ಎದ್ದು ಒಲೆ ಹಚ್ಚಿ ಅವರೆಕಾಯಿ ಸಾರು ಮಾಡಿದಳು. ಉಣ್ಣುವಾಗ ನಾನು ಸುಮ್ಮನಿದ್ದೆ. ಮಾತಾಡಿಕೊಂಡು ಉಣ್ಣು ಅಂದಳು. ನಾನು ಮಾತಾಡಿದೆ. ಅವಳ ಭುಜ ಆಗಾಗ ಅದುರುತ್ತಲೇ ಇತ್ತು, ಪೂರ್ತಿ ಹೋಗಿಲ್ಲ. ಆದರೂ ಎದ್ದು ಹೋಗಲಿಲ್ಲ.

ನಿನ್ನೆ ಮೇಡಂ ಹತ್ತಿರ ಹೋಗಿ, ಇದನ್ನೇ ಇಟ್ಟುಕೊಳ್ಳುತ್ತೇನೆ ಅಂದೆ. ಕೆಲಸದ ವಿಷಯ ಇನ್ನೂ ಗೊತ್ತಿಲ್ಲ. ಶ್ರೀನಿವಾಸ್ ಸಾರ್ ಇನ್ನೊಬ್ಬನನ್ನು ಹಾಕಿಯಾಗಿದೆ, ಮುಂದಿನ ಬ್ಯಾಚಿಗೆ ನೋಡೋಣ ಅಂದಿದ್ದಾರೆ.

ನಿನಗೆ ಫೋನ್ ಮಾಡಲಾ?

ಮುನೀಶ್


ಕಾವೇರಿಪಟ್ಟಣ
19 ನವೆಂಬರ್ 2024

ಮುನೀಶಾ,

ಬಾವಿಯ ವಿಷಯ ನನಗೂ ಗೊತ್ತಿರಲಿಲ್ಲ. ಎಲ್ಲ ಗೊತ್ತಿರುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ನಿನ್ನ ಕಾಗದವನ್ನು ನಿನ್ನ ಭಾವನ ಕೈಗೆ ಕೊಟ್ಟು ಓದಿಸಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಗೆ ಇದೆಲ್ಲ ಹೇಳಿದ್ದು ಈಗ.

ಅಮ್ಮನಿಗೆ ಆದದ್ದು ನನಗೆ ಇನ್ನೂ ಆಗಿಲ್ಲ. ಬೈಯೋಣ ಅಂದರೆ ನನಗೆ ಬೈಗುಳವೂ ಬರುವುದಿಲ್ಲ. ಫೋನ್ ಮಾಡಬೇಡ. ಕಿವಿಗೆ ಅಷ್ಟು ಹತ್ತಿರ ಆ ದನಿ ನನಗೆ ಆಗುವುದಿಲ್ಲ.

ಈ ಭಾನುವಾರ ಮನೆಗೆ ಬಾ. ನನ್ನ ಮಕ್ಕಳಿಗೆ ಆ ದನಿ ಗೊತ್ತಿಲ್ಲ. ಅವರ ಪಾಲಿಗೆ ಅದು ಬರೀ ಮಾವನ ದನಿ. ಜಗಲಿಯ ಮೇಲೆ ಕೂತು ಅವರ ಹತ್ತಿರ ಮಾತಾಡು, ಅವರನ್ನು ನಗಿಸು, ಹೊತ್ತು ಮುಳುಗುವ ತನಕ ಮಾತಾಡು. ನಾನು ಅಡಿಗೆಮನೆಯಲ್ಲಿರುತ್ತೇನೆ. ಬಾಗಿಲು ತೆಗೆದೇ ಇಟ್ಟಿರುತ್ತೇನೆ.

ನಿನ್ನ ಅಕ್ಕ
ಶರ್ಮಿಳಾ